ಹರಿತಾಳಕ್ಕೆ ಎರಡು ವರ್ಗ

ರಸಶಾಸ್ತ್ರದ ವರ್ಗೀಕರಣವನ್ನು ಅಜ್ಞಾನವೆಂದು ಹೀಗಳೆಯುವವರಿದ್ದಾರೆ. ‘ರಸರತ್ನಸಮುಚ್ಚಯ’ವು ಹಿಂಗುಲ, ನವಸಾಗರಗಳ ಸಾಲಿನಲ್ಲಿಯೇ ಸಸ್ಯಜನ್ಯವಾದ ಕಂಪಿಲ್ಲಕವನ್ನೂ ಪ್ರಾಣಿಜನ್ಯವಾದ ಕವಡೆಯನ್ನೂ ಸಾಧಾರಣರಸಗಳೆಂದು ಎಣಿಸಿರುವುದೇ ಅವರ ಆಕ್ಷೇಪಕ್ಕೆ ಆಧಾರ. ಮಹಾರಸ, ಉಪರಸ, ಸಾಧಾರಣರಸ ಎಂಬ ವಿಭಾಗವು ಪಾರದದ ಕ್ರಿಯೆಗಳಲ್ಲಿ ದ್ರವ್ಯಕ್ಕಿರುವ ಉಪಯೋಗವನ್ನು ಆಧರಿಸಿದುದೆಂಬುದನ್ನು ಅವರು ಗಮನಿಸುವುದಿಲ್ಲ. ಅಲ್ಲಿ ಉಪರಸವಾದ ಹರಿತಾಳವೇ ಸುಶ್ರುತಸಂಹಿತೆಯಲ್ಲಿ ಬೇರು, ಎಲೆಗಳ ವಿಷಗಳೊಡನೆ ಸ್ಥಾವರವಿಷವೆನಿಸುತ್ತದೆ. ದ್ರವ್ಯವೊಂದೇ, ಕೇಳಿದ ಪ್ರಶ್ನೆಗಳು ಎರಡು.

ಆಧುನಿಕ ವೈದ್ಯಸಂಶೋಧನೆಯೂ ಹೀಗೆಯೇ ನಡೆಯುತ್ತದೆ. 1948ರಲ್ಲಿ ಪ್ರಕಟವಾದ ಬ್ರಿಟನ್ನಿನ ಸ್ಟ್ರೆಪ್ಟೊಮೈಸಿನ್ ಪ್ರಯೋಗದಲ್ಲಿ 107 ಕ್ಷಯರೋಗಿಗಳನ್ನು ವೈದ್ಯರ ಆಯ್ಕೆಗೆ ಬಿಡದೆ, ಯಾದೃಚ್ಛಿಕ ಸಂಖ್ಯೆಗಳ ನೆರವಿನಿಂದ 55 ಮತ್ತು 52ರ ಎರಡು ಗುಂಪುಗಳಾಗಿ ವಿಂಗಡಿಸಲಾಯಿತು. ಗುಣವಾದುದು ಔಷಧದಿಂದಲೇ ಎಂಬುದನ್ನು ತಿಳಿಯಲು ಆ ವಿಂಗಡಣೆಯೇ ಬೇಕಿತ್ತು.

ಹಾಗೆಂದು ಪ್ರಾಚೀನ ವರ್ಗೀಕರಣವು ಔಷಧಗುಣಕ್ಕೆ ಪ್ರಮಾಣವಾಗದು. ಹರಿತಾಳವು ಆರ್ಸೆನಿಕ್ಕಿನ ಖನಿಜ. ಅದರ ಹಿತಾಹಿತವನ್ನು ಪ್ರಯೋಗವೇ ನಿರ್ಣಯಿಸಬೇಕು. ಪರಂಪರಾಭಿಮಾನಿಗಳು ಮರೆಯುವುದು ಇದನ್ನು.

ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿದ ಉಗ್ರಾದಿತ್ಯನ ‘ಕಲ್ಯಾಣಕಾರಕ’ದಲ್ಲಿ ದ್ರವ್ಯಗಳ ಗ್ರಾಹ್ಯಾಗ್ರಾಹ್ಯತೆಯನ್ನು ನಿರ್ಧರಿಸಿದುದು ಅಹಿಂಸೆ. 14ನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ವನ್ನು ಶಾಸ್ತ್ರಸಾಹಿತ್ಯವೆಂಬ ಪಟ್ಟಿಗೆ ಸೇರಿಸಿ ಓದದೆಯೇ ಬಿಡುವ ನಮ್ಮ ಸಾಹಿತ್ಯಾಭ್ಯಾಸವೂ ಒಂದು ವರ್ಗೀಕರಣವೇ. ಅದು ಯಾವ ಪ್ರಶ್ನೆಗೆ ಉತ್ತರವೆಂಬುದನ್ನು ಕನ್ನಡದ ಸಂಶೋಧಕರು ಮೊದಲು ಹೇಳಲಿ.