ಕಾಣದ್ದರ ಭಯ ಮತ್ತು ಮಕ್ಕಳ ನಿದ್ರೆ

ಉಳವಿಯ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಬರುವ ಮನೆತನಗಳ ಮಕ್ಕಳ ಕೈಯಲ್ಲಿಯೂ ಈಗ ಮೊಬೈಲ್ ಇದೆ. ಅದರಲ್ಲಿ ಅವರು ಆಡುವ ಕೆಲವು ಆಟಗಳು ಹೆದರಿಸುವುದಕ್ಕಾಗಿಯೇ ರಚಿತವಾದವು. ಮಗು ರಾತ್ರಿ ಬೆಚ್ಚಿ ಏಳುತ್ತದೆ, ಬಚ್ಚಲಿಗೆ ಒಂಟಿಯಾಗಿ ಹೋಗಲು ಒಲ್ಲೆನ್ನುತ್ತದೆ ಎಂದು ತಾಯಂದಿರು ಹೇಳಿಕೊಳ್ಳುವುದು ಹೆಚ್ಚುತ್ತಿರುವುದರಿಂದ ಈ ವಿಷಯವನ್ನು ಆರೋಗ್ಯ ವಿಭಾಗದಲ್ಲಿ ಎತ್ತಿಕೊಂಡಿದ್ದೇವೆ. ಇಂಥ ಸಂದರ್ಭದಲ್ಲಿ ಹಿರಿಯರು ‘ಅದು ಬರೀ ಚಿತ್ರ, ಹೆದರಬೇಡ’ ಎನ್ನುತ್ತಾರೆ. ಇಲ್ಲವೇ ಮೊಬೈಲನ್ನು ಕಸಿದುಕೊಳ್ಳುತ್ತಾರೆ. ಎರಡೂ ಸಾಲವೆಂಬುದು ನಮ್ಮ ಅಭಿಪ್ರಾಯ. ಆ ಭಯ ಯಾವುದರಿಂದ ತಯಾರಾಗುತ್ತದೆ ಎಂಬುದನ್ನು ಮೊದಲು ಅರಿಯಬೇಕು.

ವಿಕಾರವಾದ ಮುಖ, ರಕ್ತ, ಚೀತ್ಕಾರ ಇವುಗಳೇ ಭಯದ ಮೂಲವೆಂದು ನಾವು ಭಾವಿಸುತ್ತೇವೆ. ಆಟ ರಚಿಸುವವರು ಹಾಗೆ ಭಾವಿಸುವುದಿಲ್ಲ. 2004ರಲ್ಲಿ ಬಂದ ‘ಥೀಫ್: ಡೆಡ್ಲಿ ಶ್ಯಾಡೋಸ್’ ಎಂಬ ಆಟದಲ್ಲಿ ಹಿಂದೆ ಅನಾಥಾಲಯವೂ ಹುಚ್ಚಾಸ್ಪತ್ರೆಯೂ ಆಗಿದ್ದ ಪಾಳುಕಟ್ಟಡವೊಂದರ ಹಂತವಿದೆ. ಆಟಗಾರರು ಇಂದಿಗೂ ನೆನೆದು ನಡುಗುವ ಆ ಹಂತದ ಮೊದಲ ಭಾಗದಲ್ಲಿ ಒಬ್ಬ ಶತ್ರುವೂ ಇಲ್ಲ! ಖಾಲಿ ಕೋಣೆಗಳಿವೆ, ಮೇಲಂತಸ್ತಿನಿಂದ ಬರುವ ಸದ್ದುಗಳಿವೆ, ಅಷ್ಟೇ. ಉಳಿದುದನ್ನು ಆಡುವವನ ಮನಸ್ಸೇ ತುಂಬಿಕೊಳ್ಳುತ್ತದೆ. 1999ರ ‘ಸೈಲೆಂಟ್ ಹಿಲ್’ ಆಟದ ಊರು ಮಂಜಿನಲ್ಲಿ ಮುಳುಗಿದೆ. ದೂರದ ದೃಶ್ಯಗಳನ್ನು ಬಿಡಿಸುವ ಶಕ್ತಿ ಅಂದಿನ ಯಂತ್ರಕ್ಕೆ ಇರಲಿಲ್ಲ. ಆ ಕೊರತೆಯನ್ನು ಮುಚ್ಚಿದ ಮಂಜೇ ಆಟದ ದೊಡ್ಡ ಭಯವಾಯಿತು. ಅಲ್ಲಿ ಆಟಗಾರನ ಬಳಿ ಒಂದು ಚಿಕ್ಕ ರೇಡಿಯೋ ಇರುತ್ತದೆ. ಭೂತ ಹತ್ತಿರ ಬಂದರೆ ಅದು ಕರಕರ ಎನ್ನುತ್ತದೆ. ಕಿವಿಗೆ ಸುದ್ದಿ ಮುಟ್ಟಿದೆ, ಕಣ್ಣಿಗೆ ಏನೂ ಕಾಣದು. ಈ ನಡುವಿನ ಗಳಿಗೆಯಲ್ಲಿಯೇ ಎದೆ ಹೊಡೆದುಕೊಳ್ಳುವುದು.

ನಮ್ಮ ಮಕ್ಕಳಿಗೆ ಹೆಚ್ಚು ಪರಿಚಿತವಾದದ್ದು 2017ರಲ್ಲಿ ಬಂದ ‘ಗ್ರ್ಯಾನಿ’ ಎಂಬ ಮೊಬೈಲ್ ಆಟ. ಬೀಗ ಹಾಕಿದ ಮನೆ, ಪಾರಾಗಲು ಐದು ದಿನ, ಸಣ್ಣ ಸದ್ದಾದರೂ ಓಡಿಬರುವ ಮುದುಕಿ. ಅವಳನ್ನು ಕೊಲ್ಲಲಾಗದು; ಮಂಚದ ಕೆಳಗೋ ಕಪಾಟಿನೊಳಗೋ ಅವಿತುಕೊಳ್ಳಬೇಕು. ಅಜ್ಜಿಯ ಮಡಿಲನ್ನು ಬಲ್ಲ ಮಗುವಿಗೆ ಅಜ್ಜಿಯೇ ಬೆನ್ನಟ್ಟುವುದೆಂದರೆ ಭಯ ಇಮ್ಮಡಿಯಾಗುವುದು ಸಹಜ. ಇನ್ನೊಂದು ಸೂಕ್ಷ್ಮವೂ ಇದೆ. ಚಲನಚಿತ್ರದಲ್ಲಿ ಕಣ್ಣು ಮುಚ್ಚಿಕೊಂಡರೂ ಕಥೆ ಮುಂದೆ ಸಾಗುತ್ತದೆ. ಆಟದಲ್ಲಿ ಮಗುವಿನ ಬೆರಳು ಒತ್ತದ ಹೊರತು ಬಾಗಿಲು ತೆರೆಯದು. ಭಯದ ಕಡೆಗೆ ಮಗು ತಾನೇ ಹೆಜ್ಜೆ ಹಾಕಬೇಕು. ಸಿಕ್ಕಿಬಿದ್ದರೆ ತಪ್ಪೂ ತನ್ನದೇ. ಸಿನಿಮಾ ನೋಡಿ ಹೆದರದ ಮಕ್ಕಳೂ ಆಟದಲ್ಲಿ ಹೆದರುವುದಕ್ಕೆ ಇದು ಮುಖ್ಯ ಕಾರಣವೆಂದು ನಾವು ತಿಳಿಯುತ್ತೇವೆ.

ಈ ಸಾಮಗ್ರಿಗಳಲ್ಲಿ ಯಾವುದೂ ಹೊಸತಲ್ಲ. ಉಳವಿಯ ಸುತ್ತಲಿನ ಕಾಡು ಇಂದು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ನೆರೆಯಲ್ಲಿದೆ. ಆ ಕಾಡುದಾರಿಯಲ್ಲಿ ರಾತ್ರಿ ಸಾಗುವ ಚಕ್ಕಡಿಯೊಳಗೆ ಕುಳಿತ ಮಗುವಿಗೂ ಮರಗಳಾಚೆಯದು ಏನೂ ಕಾಣದು, ಸದ್ದು ಮಾತ್ರ ಕೇಳುತ್ತದೆ. ಮಹಾಮನೆ ಗವಿ, ಆಕಳ ಗವಿಗಳಂಥ ಸ್ಥಳಗಳಲ್ಲಿಯೂ ಬೆಳಕು ಕಡಿಮೆ, ಹಾದಿ ಇಕ್ಕಟ್ಟು. ಆದರೂ ಗವಿಯಿಂದ ಹೊರಬಂದ ಮಗು ನಗುತ್ತದೆ. ಮರುವರ್ಷ ಮತ್ತೆ ಹೋಗೋಣವೆನ್ನುತ್ತದೆ. ಏಕೆಂದರೆ ಕೈ ಹಿಡಿದವರೊಬ್ಬರು ಜೊತೆಗಿದ್ದರು, ಮುಂದಿನ ಎತ್ತುಗಳ ಕೊರಳಗಂಟೆ ಕೇಳುತ್ತಿತ್ತು. ಮೊಬೈಲಿನ ಗವಿಗೆ ಇಳಿಯುವ ಮಗು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಕಂಬಳಿಯೊಳಗೆ, ಒಂಟಿಯಾಗಿ ಇಳಿಯುತ್ತದೆ. ಎರಡು ಭಯಗಳ ಅಂತರ ಇಲ್ಲಿದೆ.

ದೇಹಕ್ಕೆ ಚಿತ್ರ ಯಾವುದು, ನಿಜ ಯಾವುದು ಎಂಬ ವಿವೇಚನೆ ತಡವಾಗಿ ಬರುತ್ತದೆ. ಹಠಾತ್ ಸದ್ದಿಗೆ ರೆಪ್ಪೆ ಬಡಿಯುವುದು, ಮೈ ಬೆಚ್ಚುವುದು ವಿಚಾರಕ್ಕಿಂತ ಮೊದಲೇ ನಡೆದುಹೋಗುತ್ತದೆ. ಮಿದುಳಿನ ಅಮಿಗ್ಡಲಾ ಎಂಬ ಭಾಗ ಎಚ್ಚರಿಕೆ ಕೊಟ್ಟೊಡನೆ ಅಡ್ರಿನಲಿನ್ ಸ್ರವಿಸಿ ನಾಡಿ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಓಡುವುದಕ್ಕೆ ಸಿದ್ಧವಾದ ಆ ಶರೀರ ಹಾಸಿಗೆಯ ಮೇಲೆ ಅಲುಗದೆ ಮಲಗಿರುತ್ತದೆ. ನಿದ್ರೆ ಹೇಗೆ ಬಂದೀತು? 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆಗಳ ನಿದ್ರೆ ಬೇಕೆಂದು ನಿದ್ರಾತಜ್ಞರು ಹೇಳುತ್ತಾರೆ. ‘ಬರೀ ಚಿತ್ರ’ ಎಂಬ ಹಿರಿಯರ ಮಾತು ಸತ್ಯವೇ ಆದರೂ ಬಡಿದುಕೊಳ್ಳುವ ಎದೆಗೆ ಅದು ಮುಟ್ಟುವುದಿಲ್ಲ.

ಹಾಗೆಂದು ಎಲ್ಲ ಆಟಗಳನ್ನೂ ನಿಷೇಧಿಸಿರೆಂದು ನಾವು ಹೇಳುವುದಿಲ್ಲ. ಹದಿನಾರರ ಹುಡುಗರು ಗೆಳೆಯರೊಡನೆ ಕೂಡಿ ಆಡಿ, ಬೆಚ್ಚಿ, ನಕ್ಕು ಎದ್ದುಹೋಗುತ್ತಾರೆ, ಅದರಿಂದ ಕೇಡಿಲ್ಲ. ಊಟ ಮಾಡಿಸಲು ಗುಮ್ಮನನ್ನು ಕರೆಯುವ ನಾವು ಭಯವೇ ಬೇಡವೆಂದರೆ ಮಕ್ಕಳು ನಂಬುವುದೂ ಇಲ್ಲ! ಹತ್ತು ವರ್ಷದೊಳಗಿನವರಿಗೆ ಮಾತ್ರ ಇಂಥ ಆಟ ಬೇಡ. ಈಗಾಗಲೇ ಹೆದರಿದ ಮಗುವಿನೊಡನೆ ಹಗಲಿನಲ್ಲಿ, ಬಾಗಿಲು ತೆರೆದು ಕುಳಿತು, ಮಗು ಒಪ್ಪಿದರೆ ಅದೇ ಆಟವನ್ನು ಸದ್ದು ಅಡಗಿಸಿ ಆಡಿಸಿ ನೋಡಿರಿ. ಭಯದ ಬಹುಪಾಲು ಕಿವಿಯ ಮೂಲಕ ಬಂದಿತ್ತೆಂಬುದು ಮಗುವಿಗೆ ತಾನಾಗಿ ತಿಳಿಯುತ್ತದೆ. ಆಟದಲ್ಲಿ ಏನು ಕಂಡೆ, ಯಾವ ಬಾಗಿಲ ಬಳಿ ಹೆದರಿದೆ ಎಂದು ಕೇಳಿರಿ, ಹೇಳುವಾಗ ನಗಬೇಡಿರಿ. ಮಲಗುವ ಮುನ್ನ ಒಂದು ಗಂಟೆ ಮೊಬೈಲ್ ಹಿರಿಯರ ಬಳಿ ಇರಲಿ, ಹಿರಿಯರ ಕೈಯಲ್ಲಿಯೂ ಆಗ ಅದು ಬೇಡ.

ಬೆಚ್ಚುವುದು ವಾರಗಟ್ಟಲೆ ನಿಲ್ಲದಿದ್ದರೆ, ಮಗು ಶಾಲೆಗೆ ಹೋಗಲು ಅಂಜಿದರೆ, ಊಟ ತಗ್ಗಿದರೆ ಅಂತ್ರ ತಾಯಿತಗಳಲ್ಲಿ ದಿನ ಕಳೆಯದೆ ವೈದ್ಯರಿಗೆ ತೋರಿಸಬೇಕು. ಆಟ ಬಿಡಲಾಗದ ಚಟ ಬೇರೆಯದೇ ಸಮಸ್ಯೆ. ಅದಕ್ಕಾಗಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ‘ಶಟ್’ ಎಂಬ ಪ್ರತ್ಯೇಕ ಚಿಕಿತ್ಸಾಲಯವಿದೆ. ಜೋಯಿಡಾದ ಹಳ್ಳಿಗಳಿಂದ ಬೆಂಗಳೂರು ದೂರ. ಅಷ್ಟು ದೂರ ಹೋಗುವ ಮೊದಲು ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿಗೆ, 14416ಕ್ಕೆ, ಕರೆ ಮಾಡಬಹುದು. ಕರೆ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು.