ಫೋನ್ ರೂಟ್ ಮಾಡಿ ಕಂಪನಿಯ ಆ್ಯಪ್ ಅಳಿಸಿದರೆ ಜಾಗ ಸಿಗುತ್ತದೆಯೇ?

ಫೋನಿನಲ್ಲಿ 'ಸ್ಟೋರೇಜ್ ಫುಲ್' ಎಂಬ ಸೂಚನೆ ಬರುವುದೇ ತೀರಾ ಅಗತ್ಯದ ಹೊತ್ತಿನಲ್ಲಿ. ನಾಮಕರಣದ ಮನೆಯಲ್ಲಿ ಮಗುವಿನ ಫೋಟೋ ತೆಗೆಯಲು ಹೋದಾಗ, ಅಥವಾ ಬ್ಯಾಂಕಿನ ಆ್ಯಪ್ 'ಅಪ್‌ಡೇಟ್ ಮಾಡಿ' ಎಂದು ಹಟ ಹಿಡಿದಾಗ. ಆಗ ಯಾವುದೋ ಗ್ರೂಪಿನಲ್ಲಿ ಓದಿದ ಸಲಹೆ ನೆನಪಾಗುತ್ತದೆ: 'ಕಂಪನಿಯವರು ನಿಮಗೆ ಬೇಡದ ಆ್ಯಪ್‌ಗಳನ್ನು ತುಂಬಿ ಜಾಗ ನುಂಗಿದ್ದಾರೆ. ಫೋನ್ ರೂಟ್ ಮಾಡಿ, ಅವನ್ನೆಲ್ಲ ಅಳಿಸಿ, ಫೋನು ಹೊಸದರಂತಾಗುತ್ತದೆ.'

ಕೇಳಲು ಸರಿಯೆನಿಸುವ ಮಾತು. ಫೋನು ಕೊಂಡವರು ನಾವು, ಅದರಲ್ಲಿ ಏನಿರಬೇಕು ಎಂದು ನಿರ್ಧರಿಸುವವರೂ ನಾವೇ ಆಗಬೇಕಲ್ಲವೇ? ಆದರೆ ಈ ಸಲಹೆಯ ಲೆಕ್ಕದಲ್ಲಿ ಒಂದು ದೊಡ್ಡ ತಪ್ಪಿದೆ. ಅದನ್ನು ತಿಳಿಯದೆ ಕೈಹಾಕಿದರೆ ಜಾಗವೂ ಸಿಗುವುದಿಲ್ಲ, ಇದ್ದ ಫೋಟೋಗಳೂ ಉಳಿಯುವುದಿಲ್ಲ.

ರೂಟ್ ಮಾಡುವುದು ಎಂದರೇನು?

ಆಂಡ್ರಾಯ್ಡ್ ಫೋನುಗಳ ಒಳಗೆ ಇರುವುದು ಲಿನಕ್ಸ್ ಎಂಬ ತಂತ್ರಾಂಶದ ತಿರುಳು. ಲಿನಕ್ಸ್‌ನಲ್ಲಿ ಎಲ್ಲ ಅಧಿಕಾರವೂ ಇರುವ ಬಳಕೆದಾರನಿಗೆ 'ರೂಟ್' ಎಂದು ಹೆಸರು. ಅಂಗಡಿಯಿಂದ ತಂದ ಫೋನಿನಲ್ಲಿ ಈ ಅಧಿಕಾರ ನಮಗೆ ಇರುವುದಿಲ್ಲ. ನಾವು ಆ್ಯಪ್ ಹಾಕಬಹುದು, ತೆಗೆಯಬಹುದು, ಫೋಟೋ ಇಡಬಹುದು. ಫೋನನ್ನು ನಡೆಸುವ ಮೂಲ ಕಡತಗಳನ್ನು ಮಾತ್ರ ಮುಟ್ಟುವಂತಿಲ್ಲ. ಆ ಬೀಗವನ್ನು ತೆರೆದು ಪೂರ್ಣ ಅಧಿಕಾರ ಪಡೆಯುವುದೇ ರೂಟ್ ಮಾಡುವುದು.

ಇದಕ್ಕೆ ಮೊದಲು 'ಬೂಟ್‌ಲೋಡರ್' ಅನ್‌ಲಾಕ್ ಮಾಡಬೇಕು. ಫೋನು ಆನ್ ಆದಾಗ ಮೊದಲು ಎಚ್ಚರಗೊಂಡು, ಮುಂದಿನ ತಂತ್ರಾಂಶ ಅಸಲಿಯೋ ಅಲ್ಲವೋ ಎಂದು ನೋಡಿ ಒಳಗೆ ಬಿಡುವ ಕಾವಲುಗಾರ ಇದು.

ಲೆಕ್ಕ ತಪ್ಪುವುದು ಎಲ್ಲಿ?

ನೀವು ಒಂದು ಬಾಡಿಗೆ ಮನೆಯಲ್ಲಿದ್ದೀರಿ ಎಂದುಕೊಳ್ಳಿ. ಮಾಲೀಕರು ಒಂದು ಕೋಣೆಗೆ ಬೀಗ ಹಾಕಿ ತಮ್ಮ ಸಾಮಾನು ಇಟ್ಟಿದ್ದಾರೆ. ನೀವು ಬೀಗ ಒಡೆದು ಆ ಸಾಮಾನನ್ನೆಲ್ಲ ಹೊರಗೆಸೆದರೂ ನಿಮ್ಮ ಹಜಾರ ಒಂದು ಅಡಿಯೂ ದೊಡ್ಡದಾಗುವುದಿಲ್ಲ. ನಡುವಿನ ಗೋಡೆ ಇದ್ದಲ್ಲೇ ಇರುತ್ತದೆ.

ಫೋನಿನ ಸ್ಟೋರೇಜ್ ಕೂಡ ಹೀಗೆಯೇ. 64 ಜಿಬಿ ಎಂದು ಡಬ್ಬಿಯ ಮೇಲೆ ಬರೆದಿದ್ದರೂ ಅದು ಒಂದೇ ದೊಡ್ಡ ಕೋಣೆಯಲ್ಲ. ಕಾರ್ಖಾನೆಯಲ್ಲೇ ಅದನ್ನು ಹಲವು ಭಾಗಗಳಾಗಿ ವಿಂಗಡಿಸಿರುತ್ತಾರೆ. ಆಂಡ್ರಾಯ್ಡ್ ಮತ್ತು ಕಂಪನಿಯ ಮೂಲ ಆ್ಯಪ್‌ಗಳು ಇರುವುದು 'ಸಿಸ್ಟಂ' ಭಾಗದಲ್ಲಿ. ಇದು ಓದಲು ಮಾತ್ರ ಇರುವ ಜಾಗ, ಇದರ ಅಳತೆ ನಿಗದಿಯಾದದ್ದು. ನಾವು ಹಾಕುವ ಆ್ಯಪ್, ಫೋಟೋ, ವಿಡಿಯೋ, ಚಾಟ್ ಎಲ್ಲ ಕೂರುವುದು 'ಡೇಟಾ' ಭಾಗದಲ್ಲಿ. 'ಫುಲ್' ಆಗುವುದು ಈ ಡೇಟಾ ಭಾಗ.

ರೂಟ್ ಮಾಡಿ ಸಿಸ್ಟಂ ಭಾಗದಿಂದ 300 ಎಂಬಿಯ ಒಂದು ಆ್ಯಪ್ ಅಳಿಸಿದರೆ ಆ 300 ಎಂಬಿ ಸಿಸ್ಟಂ ಭಾಗದಲ್ಲೇ ಖಾಲಿ ಬಿದ್ದಿರುತ್ತದೆ. ನಿಮ್ಮ ಫೋಟೋಗಳಿಗೆ ಅದು ದಕ್ಕುವುದಿಲ್ಲ. ಇಷ್ಟೇ ಅಲ್ಲ, ಈಚಿನ ಹಲವು ಫೋನುಗಳಲ್ಲಿ ಸಿಸ್ಟಂ ಭಾಗವನ್ನು ರೂಟ್ ಆದಮೇಲೂ ನೇರವಾಗಿ ತಿದ್ದಲು ಬರುವುದಿಲ್ಲ. 'ಮ್ಯಾಜಿಸ್ಕ್'ನಂಥ ಸಾಧನಗಳು ಅಲ್ಲಿ ಆ್ಯಪ್‌ಗಳನ್ನು ಅಳಿಸುವುದಿಲ್ಲ, ಕಣ್ಣಿಗೆ ಕಾಣದಂತೆ ಮರೆಮಾಡುತ್ತವೆ ಅಷ್ಟೆ.

ಹಾಗಾದರೆ ಈ ನಂಬಿಕೆ ಬಂದದ್ದು ಎಲ್ಲಿಂದ?

ಪೂರ್ತಿ ಕಟ್ಟುಕತೆಯೇನಲ್ಲ. 2011ರಲ್ಲಿ ನಮ್ಮಲ್ಲಿ ಬಹಳ ಜನ ಕೊಂಡ ಸ್ಯಾಮ್‌ಸಂಗ್ ಗ್ಯಾಲಕ್ಸಿ ವೈ ಫೋನಿನಲ್ಲಿ ಬಳಕೆದಾರರಿಗೆ ಸಿಗುತ್ತಿದ್ದದ್ದು ಸುಮಾರು 180 ಎಂಬಿ. ಈಗಿನ ಒಂದೇ ಒಂದು ಆ್ಯಪ್ ಅದಕ್ಕಿಂತ ದೊಡ್ಡದಿರುತ್ತದೆ. ಆಗಿನ ಆಂಡ್ರಾಯ್ಡ್‌ನಲ್ಲಿ ಪ್ರತಿ ಆ್ಯಪ್ ಓಡಲು ಬೇಕಾದ ಒಂದು ಸಿದ್ಧಪ್ರತಿಯನ್ನು ಡೇಟಾ ಭಾಗದಲ್ಲಿ ಇಡುತ್ತಿದ್ದರು, ಸಿಸ್ಟಂ ಆ್ಯಪ್‌ಗಳಿಗೂ ಸಹ. ಹೀಗಾಗಿ ಸಿಸ್ಟಂ ಆ್ಯಪ್ ಅಳಿಸಿದರೆ ಕೆಲವು ಎಂಬಿ ನಿಜವಾಗಿಯೂ ಸಿಗುತ್ತಿತ್ತು. ರೂಟ್ ಮಾಡಿ, ಮೆಮೊರಿ ಕಾರ್ಡಿನಲ್ಲಿ ಒಂದು ಭಾಗ ಮಾಡಿ, ಆ್ಯಪ್‌ಗಳನ್ನು ಅಲ್ಲಿಗೆ ಸಾಗಿಸುವ ಉಪಾಯವೂ ಆಗ ಚಾಲ್ತಿಯಲ್ಲಿತ್ತು. 180 ಎಂಬಿಯ ಕಾಲದಲ್ಲಿ 10 ಎಂಬಿ ಉಳಿದರೂ ಹಬ್ಬ. 64 ಅಥವಾ 128 ಜಿಬಿಯ ಕಾಲದಲ್ಲಿ ಅದೇ ಸಲಹೆ ಹಳೆಯ ಪಂಚಾಂಗ ನೋಡಿ ಹಬ್ಬ ಮಾಡಿದಂತೆ.

ರೂಟ್ ಮಾಡಿದರೆ ಕಳೆದುಕೊಳ್ಳುವುದೇನು?

ಮೊದಲನೆಯದು, ನಿಮ್ಮ ಎಲ್ಲ ಮಾಹಿತಿ. ಬೂಟ್‌ಲೋಡರ್ ಅನ್‌ಲಾಕ್ ಮಾಡಿದ ಕೂಡಲೇ ಫೋನು ತನ್ನ ಡೇಟಾ ಭಾಗವನ್ನು ಪೂರ್ತಿ ಅಳಿಸಿಹಾಕುತ್ತದೆ. ಕದ್ದ ಫೋನಿನಿಂದ ಮಾಹಿತಿ ತೆಗೆಯಬಾರದೆಂದು ಬೇಕೆಂದೇ ಮಾಡಿದ ವ್ಯವಸ್ಥೆ ಇದು. ಸಲಹೆಯನ್ನು ಫಾರ್ವರ್ಡ್ ಮಾಡುವವರು ಸಾಮಾನ್ಯವಾಗಿ ಹೇಳದೆ ಬಿಡುವ ಮಾತೂ ಇದೇ. 'ಜಾಗ ಸಿಕ್ಕಿತು' ಎಂದು ಕೆಲವರಿಗೆ ಅನ್ನಿಸುವುದಕ್ಕೂ ಬಹುಪಾಲು ಇದೇ ಕಾರಣ: ಖಾಲಿಯಾದದ್ದು ಕಂಪನಿಯ ಆ್ಯಪ್ ಅಲ್ಲ, ನಿಮ್ಮ ಫೋಟೋಗಳು!

ಎರಡನೆಯದು, ಹಣದ ವ್ಯವಹಾರ. ಬ್ಯಾಂಕ್ ಮತ್ತು ಯುಪಿಐ ಆ್ಯಪ್‌ಗಳಲ್ಲಿ ಹಲವು, ಫೋನು ರೂಟ್ ಆಗಿದೆಯೇ ಎಂದು ಪರೀಕ್ಷಿಸುತ್ತವೆ. ಆಗಿದ್ದರೆ ತೆರೆದುಕೊಳ್ಳುವುದೇ ಇಲ್ಲ. ಪೂರ್ಣ ಅಧಿಕಾರವಿರುವ ಫೋನಿನಲ್ಲಿ ಒಂದು ಕೆಟ್ಟ ಆ್ಯಪ್ ಆ ಅಧಿಕಾರ ಪಡೆದುಬಿಟ್ಟರೆ ಬೇರೆ ಆ್ಯಪ್‌ಗಳ ಗುಟ್ಟುಗಳನ್ನೂ ಓದಬಹುದು ಎಂಬ ಭಯ ಅವಕ್ಕೆ. ಆ ಭಯ ಸುಳ್ಳಲ್ಲ.

ಮೂರನೆಯದು, ಹಿಂದಿರುಗಲಾಗದ ಗುರುತು. ಸ್ಯಾಮ್‌ಸಂಗ್‌ನ 'ನಾಕ್ಸ್' ರಕ್ಷಣೆ ಇರುವ ಫೋನುಗಳಲ್ಲಿ ಒಮ್ಮೆ ಮೂಲ ತಂತ್ರಾಂಶ ಬದಲಾದರೆ ಒಳಗೆ ಒಂದು ಫ್ಯೂಸ್ ಶಾಶ್ವತವಾಗಿ ಸುಟ್ಟುಹೋಗುತ್ತದೆ. ಆಮೇಲೆ ಹಳೆಯ ತಂತ್ರಾಂಶವನ್ನೇ ಮತ್ತೆ ಹಾಕಿದರೂ ಆ ಗುರುತು ಅಳಿಯುವುದಿಲ್ಲ. ಅನೇಕ ಕಂಪನಿಗಳು ವಾರಂಟಿ ಕೊಡಲು ತಕರಾರು ಮಾಡುವುದೂ ಇಂಥ ಕಾರಣಕ್ಕೆ. ರೂಟ್ ಆದ ಫೋನಿಗೆ ಕಂಪನಿಯ ಅಪ್‌ಡೇಟ್‌ಗಳೂ ಹಲವು ಸಲ ಸರಿಯಾಗಿ ಕೂರುವುದಿಲ್ಲ.

ಈಗಾಗಲೇ ರೂಟ್ ಆಗಿರುವ ಫೋನಿದ್ದರೆ?

ಕಲಿಯುವ ಆಸೆಯಿಂದ ಹಳೆಯ ಫೋನನ್ನು ರೂಟ್ ಮಾಡುವವರಿದ್ದಾರೆ. ಅದು ತಪ್ಪಲ್ಲ. ಆದರೆ ಒಂದು ನಿಯಮ ನೆನಪಿರಲಿ: ಅಳಿಸುವ ಮೊದಲು 'ಫ್ರೀಜ್' ಮಾಡಿ. ಫ್ರೀಜ್ ಮಾಡಿದ ಆ್ಯಪ್ ಓಡುವುದಿಲ್ಲ, ಬ್ಯಾಟರಿ ತಿನ್ನುವುದಿಲ್ಲ, ಬೇಕಾದರೆ ಮತ್ತೆ ಎಬ್ಬಿಸಬಹುದು. ಒಂದೊಂದೇ ಆ್ಯಪ್ ಫ್ರೀಜ್ ಮಾಡಿ, ಫೋನನ್ನು ಮತ್ತೆ ಆನ್ ಮಾಡಿ, ಎರಡು ಮೂರು ದಿನ ಬಳಸಿ ನೋಡಿ. ಜಾಗ ಹೇಗೂ ಸಿಗದ ಕಾರಣ, ಅಳಿಸುವುದರಿಂದ ಫ್ರೀಜ್‌ಗಿಂತ ಹೆಚ್ಚಿನ ಲಾಭವೇನೂ ಇಲ್ಲ.

ಹೆಸರು ಗೊತ್ತಿಲ್ಲದ ಆ್ಯಪ್ ಎಂದರೆ ಬೇಡದ ಆ್ಯಪ್ ಎಂದಲ್ಲ. 'ಆಂಡ್ರಾಯ್ಡ್ ಸಿಸ್ಟಂ ವೆಬ್‌ವ್ಯೂ' ಎಂಬುದನ್ನು ಯಾರೂ ತೆರೆದು ನೋಡುವುದಿಲ್ಲ. ಆದರೆ 2021ರ ಮಾರ್ಚ್‌ನಲ್ಲಿ ಅದರ ಒಂದು ಅಪ್‌ಡೇಟ್ ಕೆಟ್ಟಾಗ ಜಿಮೇಲ್ ಸೇರಿ ಅನೇಕ ಆ್ಯಪ್‌ಗಳು ತೆರೆದ ಕೂಡಲೇ ಮುಚ್ಚಿಕೊಳ್ಳತೊಡಗಿದವು. ಬೇರೆ ಆ್ಯಪ್‌ಗಳೊಳಗೆ ವೆಬ್ ಪುಟ ತೋರಿಸುವ ಕೆಲಸ ಅದರದು.

ಇನ್ನೊಂದು ಉದಾಹರಣೆ ನಮ್ಮದೇ. 2023ರ ಅಕ್ಟೋಬರ್‌ನಲ್ಲಿ ಕರ್ನಾಟಕದ ಫೋನುಗಳು ಒಮ್ಮೆಲೇ ಜೋರಾಗಿ ಸದ್ದು ಮಾಡಿ, ತುರ್ತು ಎಚ್ಚರಿಕೆಯ ಪರೀಕ್ಷಾ ಸಂದೇಶ ತೋರಿಸಿದ್ದು ನೆನಪಿದೆಯೇ? ಆಂಡ್ರಾಯ್ಡ್ ಫೋನಿನಲ್ಲಿ ಅಂಥ ಸಂದೇಶವನ್ನು ಹಿಡಿದು ತೋರಿಸುವುದು 'ಸೆಲ್ ಬ್ರಾಡ್‌ಕಾಸ್ಟ್' ಎಂಬ ಪುಟ್ಟ ಸಿಸ್ಟಂ ಆ್ಯಪ್. 'ಇದೇನೋ ಬೇಡದ್ದು' ಎಂದು ಅದನ್ನು ತೆಗೆದರೆ ನಾಳೆ ನೆರೆಯ ಎಚ್ಚರಿಕೆ ಬಂದಾಗ ನಿಮ್ಮ ಫೋನು ಮಾತ್ರ ಸುಮ್ಮನಿರುತ್ತದೆ.

ನಿಜವಾಗಿ ಜಾಗ ತಿನ್ನುವುದು ಯಾವುದು?

2017ರ ಡಿಸೆಂಬರ್‌ನಲ್ಲಿ ಗೂಗಲ್ 'ಫೈಲ್ಸ್ ಗೋ' ಎಂಬ ಆ್ಯಪನ್ನು ಭಾರತದಲ್ಲಿ ಬಿಡುಗಡೆ ಮಾಡಿತು. ನಮ್ಮವರ ಫೋನುಗಳು ಯಾಕೆ ಇಷ್ಟು ಬೇಗ ತುಂಬುತ್ತವೆ ಎಂದು ಹುಡುಕಿದಾಗ ಅವರ ತಂತ್ರಜ್ಞರಿಗೆ ಸಿಕ್ಕ ಒಂದು ದೊಡ್ಡ ಕಾರಣ 'ಗುಡ್ ಮಾರ್ನಿಂಗ್' ಚಿತ್ರಗಳು! ಹೂವು, ಸೂರ್ಯೋದಯ, ದೇವರ ಪಟ, ಕೆಳಗೊಂದು ಶುಭಾಶಯ. ಅಂಥ ಚಿತ್ರಗಳನ್ನು ಗುರುತಿಸಿ ಅಳಿಸಲು ನೆರವಾಗುವ ಸೌಲಭ್ಯವನ್ನೇ ಅದರಲ್ಲಿ ಇಟ್ಟರು. ಸ್ಟೋರೇಜ್ ತಯಾರಿಸುವ ವೆಸ್ಟರ್ನ್ ಡಿಜಿಟಲ್ ಕಂಪನಿಯ ಅಂದಾಜಿನಂತೆ ಆಗ ಭಾರತದಲ್ಲಿ ಮೂವರಲ್ಲಿ ಒಬ್ಬರ ಫೋನಿನಲ್ಲಿ ದಿನವೂ ಜಾಗ ಮುಗಿಯುತ್ತಿತ್ತು. ಅಮೆರಿಕದಲ್ಲಿ ಹತ್ತು ಮಂದಿಯಲ್ಲಿ ಒಬ್ಬರದು.

ಒಂದು ಸಣ್ಣ ಲೆಕ್ಕ ಹಾಕೋಣ. ದಿನಕ್ಕೆ 20 ಚಿತ್ರ ಬರುತ್ತವೆ, ಒಂದೊಂದು 200 ಕೆಬಿ ಎಂದರೆ 4 ಎಂಬಿ. ಜೊತೆಗೆ 8 ಎಂಬಿಯ 5 ವಿಡಿಯೋ ಎಂದರೆ 40 ಎಂಬಿ. ದಿನಕ್ಕೆ 44 ಎಂಬಿಯಾದರೆ ವರ್ಷಕ್ಕೆ ಸುಮಾರು 16 ಜಿಬಿ. ಕಂಪನಿಯ ಬೇಡದ ಆ್ಯಪ್‌ಗಳನ್ನೆಲ್ಲ ಸೇರಿಸಿದರೂ ಇಷ್ಟು ಭಾರವಾಗುವುದು ಅಪರೂಪ. ನಾಲ್ಕೈದು ಗ್ರೂಪುಗಳಲ್ಲಿ ಇರುವವರಿಗೆ ಇದು ಹೆಚ್ಚಿನ ಲೆಕ್ಕವೂ ಅಲ್ಲ.

ರೂಟ್ ಇಲ್ಲದೆಯೇ ಮಾಡಬಹುದಾದದ್ದು

ವಾಟ್ಸಾಪ್‌ನ ಸೆಟ್ಟಿಂಗ್ಸ್‌ನಲ್ಲಿ 'ಸ್ಟೋರೇಜ್ ಆಂಡ್ ಡೇಟಾ', ಅದರೊಳಗೆ 'ಮ್ಯಾನೇಜ್ ಸ್ಟೋರೇಜ್' ಒತ್ತಿ. ಹಲವು ಬಾರಿ ಫಾರ್ವರ್ಡ್ ಆದವು, 5 ಎಂಬಿಗಿಂತ ದೊಡ್ಡವು ಎಂದು ಅದೇ ವಿಂಗಡಿಸಿ ತೋರಿಸುತ್ತದೆ. ನೋಡಿ, ಬೇಕಾದ್ದನ್ನು ಬಿಟ್ಟು ಉಳಿದದ್ದು ಅಳಿಸಿ. 'ಮೀಡಿಯಾ ಆಟೋ ಡೌನ್‌ಲೋಡ್' ನಿಲ್ಲಿಸಿದರೆ ನೀವು ಒತ್ತಿದ ಚಿತ್ರ, ವಿಡಿಯೋ ಮಾತ್ರ ಫೋನಿಗೆ ಇಳಿಯುತ್ತವೆ.

ಗ್ಯಾಲರಿಯಲ್ಲಿ ಅಳಿಸಿದ ಫೋಟೋ ಕೂಡಲೇ ಹೋಗುವುದಿಲ್ಲ. ಕಸದ ಬುಟ್ಟಿಯಲ್ಲಿ ಸಾಮಾನ್ಯವಾಗಿ 30 ದಿನವಾದರೂ ಇರುತ್ತದೆ, ಅಲ್ಲಿಯವರೆಗೆ ಜಾಗವನ್ನೂ ತಿನ್ನುತ್ತದೆ. ಬುಟ್ಟಿಯನ್ನೂ ಖಾಲಿ ಮಾಡಿ.

ಕಂಪನಿ ಹಾಕಿ ಕಳಿಸಿದ ಆಟ, ಶಾಪಿಂಗ್, ಸುದ್ದಿಯ ಆ್ಯಪ್‌ಗಳಲ್ಲಿ ಕೆಲವು ನಿಮ್ಮ ಡೇಟಾ ಭಾಗದಲ್ಲೇ ಇರುತ್ತವೆ. ಅವಕ್ಕೆ 'ಅನ್‌ಇನ್‌ಸ್ಟಾಲ್' ಬಟನ್ ಇರುತ್ತದೆ; ಅಳಿಸಿದರೆ ಜಾಗ ಖಂಡಿತ ಸಿಗುತ್ತದೆ. ಆ ಬಟನ್ ಇಲ್ಲದ ಆ್ಯಪ್‌ಗಳನ್ನು 'ಡಿಸೇಬಲ್' ಮಾಡಿ. ಮೂಲ ಆ್ಯಪ್ ಸಿಸ್ಟಂ ಭಾಗದಲ್ಲೇ ಉಳಿದರೂ, ಆಮೇಲೆ ಬಂದ ಅದರ ಅಪ್‌ಡೇಟ್‌ಗಳು ಮತ್ತು ಅದು ಕೂಡಿಟ್ಟ ಮಾಹಿತಿ ನಿಮ್ಮ ಡೇಟಾ ಭಾಗದಲ್ಲಿ ಕೂತಿರುತ್ತವೆ. ಡಿಸೇಬಲ್ ಮಾಡಿದಾಗ ಅವು ಹೋಗುತ್ತವೆ. ರೂಟ್ ಮಾಡಿದವರಿಗೂ ಇದಕ್ಕಿಂತ ಹೆಚ್ಚು ಜಾಗ ಸಿಗುವುದಿಲ್ಲ.

'ಕ್ಲಿಯರ್ ಕ್ಯಾಶ್' ಒತ್ತಲು ಹೆದರಬೇಡಿ, ಅದು ಆ್ಯಪ್ ಮತ್ತೆ ತಂದುಕೊಳ್ಳಬಲ್ಲ ತಾತ್ಕಾಲಿಕ ಕಡತಗಳನ್ನಷ್ಟೇ ತೆಗೆಯುತ್ತದೆ. ಆದರೆ ಪಕ್ಕದಲ್ಲೇ ಇರುವ 'ಕ್ಲಿಯರ್ ಡೇಟಾ' ಬೇರೆ ಸಂಗತಿ. ಬ್ಯಾಕಪ್ ಇಲ್ಲದೆ ವಾಟ್ಸಾಪ್ ಮೇಲೆ ಅದನ್ನು ಒತ್ತಿದರೆ ವರ್ಷಗಳ ಮಾತುಕತೆ ಹೋಯಿತೆಂದೇ ಲೆಕ್ಕ.

ಜಾಗ ಪೂರ್ತಿ ತುಂಬುವವರೆಗೆ ಕಾಯಬೇಡಿ. ಫೋನಿನ ಫ್ಲ್ಯಾಶ್ ಮೆಮೊರಿ ಸಣ್ಣ ತುಣುಕುಗಳಲ್ಲಿ ಬರೆದರೂ ಅಳಿಸುವುದು ದೊಡ್ಡ ದೊಡ್ಡ ತುಂಡುಗಳಲ್ಲಿ. ಹಾಗಾಗಿ ಹಳೆಯದನ್ನು ಸರಿಸಿ ಹೊಸದು ಬರೆಯಲು ಅದಕ್ಕೆ ಒಂದಿಷ್ಟು ಖಾಲಿ ಜಾಗ ಬೇಕೇ ಬೇಕು. ತುಂಬಿದ ಫೋನು ನಿಧಾನವಾಗುವುದಕ್ಕೆ ಇದೂ ಒಂದು ಕಾರಣ.

ಸಿಟ್ಟು ಮಾತ್ರ ನ್ಯಾಯವೇ

ನಾವು ಕೊಂಡ ಫೋನಿನಲ್ಲಿ ನಾವು ಕೇಳದ ಆ್ಯಪ್ ಇರಬಾರದು ಎಂಬ ಸಿಟ್ಟಿನಲ್ಲಿ ತಪ್ಪಿಲ್ಲ. ಭಾರತೀಯ ಸ್ಪರ್ಧಾ ಆಯೋಗವು 2022ರ ಅಕ್ಟೋಬರ್‌ನಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿದಾಗ, ಮೊದಲೇ ಹಾಕಿಟ್ಟ ಗೂಗಲ್ ಆ್ಯಪ್‌ಗಳನ್ನು ತೆಗೆಯಲು ಬಳಕೆದಾರರಿಗೆ ಅಡ್ಡಿ ಮಾಡಬಾರದು ಎಂದೂ ಹೇಳಿತ್ತು. 2023ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿದರೂ ಈ ನಿರ್ದೇಶನವೂ ಸೇರಿದಂತೆ ಕೆಲವನ್ನು ತೆಗೆದುಹಾಕಿತು. ಅಂದರೆ ಆ ಬೀಗವನ್ನು ನ್ಯಾಯವಾಗಿ ತೆರೆಸುವ ಜಾಗ ಕಾನೂನು. ಒಬ್ಬೊಬ್ಬರೂ ತಮ್ಮ ತಮ್ಮ ಫೋನಿನಲ್ಲಿ ಅದನ್ನು ಒಡೆದರೆ ಗೋಡೆ ಸರಿಯುವುದಿಲ್ಲ.

ಹಾಗಾಗಿ 'ರೂಟ್ ಮಾಡಿ, ಜಾಗ ಹೆಚ್ಚಿಸಿ' ಎಂಬ ಸಂದೇಶ ಮತ್ತೆ ಬಂದರೆ ಮುಂದಕ್ಕೆ ಕಳಿಸುವ ಮೊದಲು ಒಮ್ಮೆ ಯೋಚಿಸಿ. ಅದನ್ನು ನಂಬಿ ಕೈಹಾಕಿದ ಯಾರದೋ ಮನೆಯಲ್ಲಿ, ಇನ್ನೆಲ್ಲೂ ಪ್ರತಿ ಇಲ್ಲದ ಅಜ್ಜಿಯ ಫೋಟೋಗಳು ಹೋಗಬಹುದು. ಅದರ ಬದಲು ನಿಮ್ಮ ಫೋನಿನ 'ಮ್ಯಾನೇಜ್ ಸ್ಟೋರೇಜ್' ತೆರೆದು ನೋಡಿ. ಹೋದ ವರ್ಷದ ಗುಡ್ ಮಾರ್ನಿಂಗ್‌ಗಳು ಇನ್ನೂ ಅಲ್ಲೇ ಇರಬಹುದು.