ಕದ್ದ ಕಾಯಿ ಯಾರ ಲೆಕ್ಕಕ್ಕೆ, ಕನ್ನಡಿಗರೇ?



ನಿಮ್ಮಲ್ಲಿ ಅನೇಕರು ಪೀಣ್ಯ, ದಾಸರಹಳ್ಳಿ, ಯಶವಂತಪುರದ ಬಾಡಿಗೆ ಕೋಣೆಗಳಲ್ಲಿದ್ದುಕೊಂಡು ದುಡಿಯುವವರು. ಊರು ಯಾವುದೆಂದು ಕೇಳಿದರೆ ತಿಪಟೂರು ಎನ್ನುತ್ತೀರಿ, ತುರುವೇಕೆರೆ ಎನ್ನುತ್ತೀರಿ, ಚಿಕ್ಕನಾಯಕನಹಳ್ಳಿ ಎನ್ನುತ್ತೀರಿ. ಹಬ್ಬಕ್ಕೆ ಹೋದವರು ಬರುವಾಗ ಚೀಲದಲ್ಲಿ ನಾಲ್ಕು ಕಾಯಿ ಹಾಕಿಕೊಂಡು ಬರುತ್ತೀರಿ. ಆ ಕಾಯಿಯ ಲೆಕ್ಕದ ಬಗ್ಗೆ ಇಂದು ನಿಮ್ಮೊಂದಿಗೆ ಮಾತಾಡಬೇಕಿದೆ.

ಒಂದು ರಾತ್ರಿ ನಿಮ್ಮ ಅಪ್ಪನ ತೋಟದಿಂದ 200 ಕಾಯಿ ಕಳುವಾಯಿತು ಎಂದುಕೊಳ್ಳಿ. ಬೆಳಿಗ್ಗೆ ಅವರು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಠಾಣೆಗೆ ಹೋಗುತ್ತಾರೆ. ಆಗ ಕಾಯಿಯ ಧಾರಣೆ 15 ರೂಪಾಯಿ ಇದ್ದರೆ ಕಳುವಾದ ಮಾಲು 3,000 ರೂಪಾಯಿಯದು. 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಕಾನೂನುಗಳ ಪ್ರಕಾರ, 5,000 ರೂಪಾಯಿಗಿಂತ ಕಡಿಮೆ ಬೆಲೆಯ ಸಾಮಾನ್ಯ ಕಳ್ಳತನದಲ್ಲಿ ಮೊದಲ ಸಲ ಶಿಕ್ಷೆಗೊಳಗಾಗುವವನು ಮಾಲು ಹಿಂತಿರುಗಿಸಿದರೆ ಅವನಿಗೆ ಸಮುದಾಯ ಸೇವೆಯ ಶಿಕ್ಷೆ. ಅಂಥ ಪ್ರಕರಣವನ್ನು ಪೊಲೀಸರು ತಾವಾಗಿಯೇ ತನಿಖೆ ಮಾಡುವಂತಿಲ್ಲ, ಮ್ಯಾಜಿಸ್ಟ್ರೇಟರ ಅಪ್ಪಣೆ ಬೇಕು. ಠಾಣೆಯ ಭಾಷೆಯಲ್ಲಿ ಹೇಳುವುದಾದರೆ ಅದು ‘ಎನ್‌ಸಿಆರ್’. ಎಫ್‌ಐಆರ್ ಅಲ್ಲ.

ಈಗ ಅದೇ ತೋಟ, ಅದೇ ಕಳ್ಳ, ಅದೇ 200 ಕಾಯಿ. ಧಾರಣೆ ಮಾತ್ರ 30 ರೂಪಾಯಿ ಆಗಿದೆ. ಮಾಲಿನ ಬೆಲೆ 6,000 ರೂಪಾಯಿ. ಈಗ ಎಫ್‌ಐಆರ್ ಆಗಲೇಬೇಕು! ನಿನ್ನೆ ಅಪರಾಧದ ಪಟ್ಟಿಯಲ್ಲಿ ಇಲ್ಲದಿದ್ದ ಕಳ್ಳತನ ಇಂದು ಪಟ್ಟಿಗೆ ಬಂತು. ತಾಲ್ಲೂಕಿನಲ್ಲಿ ಒಬ್ಬನೇ ಒಬ್ಬ ಹೊಸ ಕಳ್ಳ ಹುಟ್ಟಿಲ್ಲ, ಆದರೆ ಕಾಗದದ ಮೇಲೆ ಕಳ್ಳತನ ಏರಿತು. ಧಾರಣೆ ಬಿದ್ದರೆ ಕಾಗದದ ಮೇಲೆ ಊರು ಮತ್ತೆ ಸಾಧುಗಳ ಊರಾಗುತ್ತದೆ. ಬೆಲೆ ಏರಿದಾಗ ಕದಿಯುವ ಆಸೆಯೂ ಏರುವುದು ಸಹಜ. ಆದರೆ ಆಸೆಯಿಂದ ಏರಿದ್ದೆಷ್ಟು, ಕಾನೂನಿನ ಗೆರೆಯಿಂದ ಏರಿದ್ದೆಷ್ಟು ಎಂಬುದು ಆ ಒಂದು ಅಂಕಿಯಿಂದ ಯಾರಿಗೂ ತಿಳಿಯುವುದಿಲ್ಲ. ಅಟ್ಟಕ್ಕೆ ಹತ್ತಿ ಕೊಬ್ಬರಿ ಕದ್ದರೆ ಅದು ಮನೆಯೊಳಗಿನ ಕಳ್ಳತನ, ಅದರ ಕಲಂ ಬೇರೆ. ನಾನು ಹೇಳುತ್ತಿರುವುದು ತೋಟದ ಕಾಯಿಯ ಮಾತು.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ 1986ರಲ್ಲಿ ಹುಟ್ಟಿತು. ಪ್ರತಿ ವರ್ಷದ ಅದರ ‘ಕ್ರೈಮ್ ಇನ್ ಇಂಡಿಯಾ’ ವರದಿ ಎಣಿಸುವುದು ಪೊಲೀಸರು ನೇರವಾಗಿ ಎಫ್‌ಐಆರ್ ಹಾಕಬಹುದಾದ ಅಪರಾಧಗಳನ್ನು. ನಿಮ್ಮ ಅಪ್ಪ ಕೈಯಲ್ಲಿ ಹಿಡಿದು ಬಂದ ಎನ್‌ಸಿಆರ್ ಚೀಟಿ ಆ ಲೆಕ್ಕಕ್ಕೆ ಸೇರುವುದಿಲ್ಲ. ಇನ್ನೊಂದು ನಿಯಮವೂ ಇದೆ. ಒಂದು ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ ಅತ್ಯಂತ ಘೋರವಾದ ಒಂದನ್ನು ಮಾತ್ರ ಎಣಿಸುತ್ತಾರೆ. ಕಾಯಿ ಕದಿಯಲು ಬಂದವನು ಕಾವಲಿದ್ದ ಮುದುಕನನ್ನು ಕೊಂದರೆ ಲೆಕ್ಕದಲ್ಲಿ ಉಳಿಯುವುದು ಕೊಲೆ. ಕಳ್ಳತನ ಅದರ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಇದೆಲ್ಲ ಮೋಸವೆಂದು ನಾನು ಹೇಳುತ್ತಿಲ್ಲ. ಎಣಿಸಲು ಯಾವುದಾದರೂ ಒಂದು ನಿಯಮ ಬೇಕೇ ಬೇಕು. ಆ ನಿಯಮ ಗೊತ್ತಿಲ್ಲದೆ ಅಂಕಿ ಹಿಡಿದು ಕೂಗುವವನು ಮಾತ್ರ ಮೂರ್ಖ.

ಹಾಗೆ ಕೂಗುವವರು ನಮ್ಮ ನಡುವೆಯೂ ಇದ್ದಾರೆ. ‘ಅಪರಾಧ ಇಷ್ಟು ಪಟ್ಟು ಹೆಚ್ಚಿದೆ, ಹೊರಗಿನಿಂದ ಬಂದವರೇ ಕಾರಣ’ ಎಂಬ ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬಹುದು, ನೀವೂ ಹತ್ತು ಜನಕ್ಕೆ ಕಳಿಸಿರಬಹುದು. ಆ ವರದಿಯಲ್ಲಿ ಆರೋಪಿಯ ತಾಯ್ನುಡಿಗೆ ಕಾಲಂ ಇದೆಯೇ? ಇಲ್ಲ. ಜೈಲುಗಳ ವರದಿಯಲ್ಲಿ ಕೈದಿಗಳು ಯಾವ ರಾಜ್ಯದವರೆಂಬ ವಿವರ ಉಂಟು. ಆದರೆ 2022ರಲ್ಲಿ ದೇಶದ ಜೈಲುಗಳಲ್ಲಿದ್ದ ನಾಲ್ವರಲ್ಲಿ ಮೂವರು ಇನ್ನೂ ವಿಚಾರಣೆ ಮುಗಿಯದವರು. ಪರಊರಿನಲ್ಲಿ ಜಾಮೀನಿಗೆ ನಿಲ್ಲುವವರಿಲ್ಲದೆ ಒಳಗೆ ಉಳಿದ ಬಡವನೂ ಆ ಅಂಕಿಯಲ್ಲಿ ಸೇರಿದ್ದಾನೆ. ಅವನನ್ನು ತೋರಿಸಿ ಕಳ್ಳ ಎನ್ನುವುದು ಕನ್ನಡಾಭಿಮಾನವಲ್ಲ, ಸೋಮಾರಿತನ. ನಮ್ಮ ಜಗಳ ಇರುವುದು ಕನ್ನಡವನ್ನು ಬ್ಯಾಂಕಿನಿಂದ, ರೈಲ್ವೆಯಿಂದ, ಉದ್ಯೋಗದಿಂದ ಹೊರಗಿಟ್ಟವರೊಡನೆ. ಹೊಟ್ಟೆಪಾಡಿಗೆ ಬಂದ ಕೂಲಿಯವನೊಡನೆ ಅಲ್ಲ. ಸುಳ್ಳು ಅಂಕಿ ಹಿಡಿದು ನಾವು ಬೀದಿಗಿಳಿದರೆ ಎದುರಾಳಿ ಒಂದು ಪುಟ ತೆರೆದು ತೋರಿಸುತ್ತಾನೆ. ನಮ್ಮ ನಿಜವಾದ ಬೇಡಿಕೆಯೂ ಅದರ ಜೊತೆ ನಗೆಪಾಟಲಾಗುತ್ತದೆ.

2023ರಲ್ಲಿ ಸೈಬರ್ ಅಪರಾಧದಲ್ಲಿ ಕರ್ನಾಟಕವೇ ದೇಶಕ್ಕೆ ಮೊದಲು: 21,889 ಪ್ರಕರಣ. ಅದರಲ್ಲಿ 17,631 ಬೆಂಗಳೂರು ನಗರದವು. ಬೆಂಗಳೂರು ಕೆಟ್ಟೇಹೋಯಿತು ಎಂದು ಗುಲ್ಲೆಬ್ಬಿಸಿದವರುಂಟು. ದೇಶದ ಮೊದಲ ಸೈಬರ್ ಠಾಣೆ ಬೆಂಗಳೂರಿನಲ್ಲೇ 2001ರಲ್ಲಿ ಶುರುವಾಯಿತು. ದೂರು ಬರೆದುಕೊಳ್ಳಲು ಠಾಣೆ ಇರುವಲ್ಲಿ ದೂರು ದಾಖಲಾಗುತ್ತದೆ. ಠಾಣೆಯೇ ಇಲ್ಲದ, ಇದ್ದರೂ ಬರೆದುಕೊಳ್ಳದ ಊರು ಪಟ್ಟಿಯಲ್ಲಿ ಸ್ವರ್ಗದಂತೆ ಕಾಣುತ್ತದೆ. ದೊಡ್ಡ ಅಂಕಿ ಎಂದರೆ ಹೆಚ್ಚು ಅಪರಾಧ ಇರಬಹುದು, ಹೆಚ್ಚು ಪ್ರಾಮಾಣಿಕ ದಾಖಲೆಯೂ ಇರಬಹುದು.

ಇನ್ನು ಕೊಬ್ಬರಿಯ ಬೆಲೆಗೆ ಬನ್ನಿ. ಉಂಡೆ ಕೊಬ್ಬರಿಯ ಬೆಂಬಲ ಬೆಲೆ 2014ರಲ್ಲಿ ಕ್ವಿಂಟಾಲಿಗೆ 5,500 ರೂ. ಇತ್ತು, 2025ಕ್ಕೆ 12,100 ರೂ. ಆಯಿತು. ಶೇ. 120ರಷ್ಟು ಏರಿಸಿದ್ದೇವೆ ಎಂದು ದೆಹಲಿಯ ಸರ್ಕಾರ ಹೇಳಿಕೊಂಡಿತು. ಲೆಕ್ಕ ಸರಿ, ಸುಳ್ಳಿಲ್ಲ. ಆದರೆ ಹನ್ನೊಂದು ವರ್ಷಕ್ಕೆ ಹಂಚಿದರೆ ಅದು ವರ್ಷಕ್ಕೆ ಶೇ. 7.4. ಹೊರಡುವ ವರ್ಷವನ್ನು ಬದಲಿಸಿ ನೋಡಿ. 2019ರಲ್ಲಿ ಬೆಂಬಲ ಬೆಲೆ 9,920 ರೂ. ಇತ್ತು. ಅಲ್ಲಿಂದ 2025ಕ್ಕೆ ಆರು ವರ್ಷದಲ್ಲಿ ಏರಿದ್ದು ಶೇ. 22, ಅಂದರೆ ವರ್ಷಕ್ಕೆ ಶೇ. 3.4ರಷ್ಟು. ಆ ಆರು ವರ್ಷದಲ್ಲಿ ಕಾಯಿ ಕೀಳುವವನ ಕೂಲಿ, ಸುಲಿಯುವವನ ಕೂಲಿ, ಗೊಬ್ಬರದ ಬೆಲೆ ಎಷ್ಟು ಏರಿತು ಎಂದು ಮನೆಗೆ ಫೋನ್ ಮಾಡಿ ಕೇಳಿ. ಒಂದೇ ಪಟ್ಟಿಯಿಂದ ಮಂತ್ರಿಗೆ ಶೇ. 120 ಸಿಗುತ್ತದೆ, ರೈತನಿಗೆ ಶೇ. 3.4 ಸಿಗುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಎಲ್ಲಿಂದ ಎಣಿಸಲು ಶುರುಮಾಡಿದಿರಿ ಎಂದು ಕೇಳುವವರು ಬೇಕು, ಅಷ್ಟೇ.

ಬೆಂಬಲ ಬೆಲೆ ಒಂದು ಕಡೆ, ಮಾರುಕಟ್ಟೆ ಇನ್ನೊಂದು ಕಡೆ. 2023ರಲ್ಲಿ ಬೆಂಬಲ ಬೆಲೆ 11,750 ರೂ. ಇದ್ದಾಗಲೇ ತಿಪಟೂರು ಎಪಿಎಂಸಿಯಲ್ಲಿ ಧಾರಣೆ 8,000ದ ಆಸುಪಾಸಿಗೆ ಕುಸಿಯಿತು. 2025ರಲ್ಲಿ ಅದೇ ಕೊಬ್ಬರಿ 20,000 ದಾಟಿತು. ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ 14,000. ‘ಸರಾಸರಿ ಬೆಲೆ ಬೆಂಬಲ ಬೆಲೆಗಿಂತ ಮೇಲಿದೆ, ರೈತ ಸುಖವಾಗಿದ್ದಾನೆ’ ಎಂದು ಬರೆಯಲು ಯಾವ ಅಡ್ಡಿಯೂ ಇಲ್ಲ! ಆದರೆ ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿ ಅಟ್ಟದ ಮೇಲೆ ಹತ್ತಿರ ಹತ್ತಿರ ಒಂದು ವರ್ಷ ಮಲಗಬೇಕು. ಮಗಳ ಮದುವೆ, ಸೊಸೈಟಿ ಸಾಲದ ಕಂತು, ಆಸ್ಪತ್ರೆ ಖರ್ಚು ಇರುವವನು ಧಾರಣೆ ಏರುವವರೆಗೆ ಕಾಯುವುದಿಲ್ಲ, 8,000ಕ್ಕೇ ಮಾರುತ್ತಾನೆ. ಅಟ್ಟವೂ ದುಡ್ಡೂ ಎರಡೂ ಇರುವವನು ಕಾದು 20,000ಕ್ಕೆ ಮಾರುತ್ತಾನೆ. 14,000ಕ್ಕೆ ಮಾರಿದವನು ಇಬ್ಬರಲ್ಲಿ ಒಬ್ಬನೂ ಅಲ್ಲ.

ಬೆಲೆ ಏರಿದ್ದು ಹೇಗೆ ಎಂಬುದನ್ನೂ ನೋಡಿ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ತೆಂಗಿನ ಮರಕ್ಕೆ ಬರದ ಪೆಟ್ಟು ಅದೇ ವರ್ಷ ಕಾಣುವುದಿಲ್ಲ, ಮುಂದಿನ ಫಸಲಿನಲ್ಲಿ ಕಾಣುತ್ತದೆ. ಮೇಲೆ ನುಸಿ, ಬಿಳಿನೊಣ, ಕಪ್ಪುತಲೆ ಹುಳು. ಹತ್ತು ಕ್ವಿಂಟಾಲ್ ಬರುತ್ತಿದ್ದ ತೋಟದಲ್ಲಿ ಐದು ಬಂತು ಎಂದುಕೊಳ್ಳಿ. 8,000ದಂತೆ ಹತ್ತು ಕ್ವಿಂಟಾಲಿಗೆ 80,000 ರೂ. 20,000ದಂತೆ ಐದು ಕ್ವಿಂಟಾಲಿಗೆ ಒಂದು ಲಕ್ಷ. ಬೆಲೆ ಏರಿದ್ದು ಶೇ. 150, ಮನೆಗೆ ಬಂದ ಹಣ ಏರಿದ್ದು ಶೇ. 25. ಪತ್ರಿಕೆಯ ಮುಖಪುಟದಲ್ಲಿ ಅಚ್ಚಾಗುವುದು ಮೊದಲನೆಯದು.

ಇನ್ನೊಂದು ಲೆಕ್ಕವಿದೆ, ಅದನ್ನು ಹೇಳುವಾಗ ಕೈ ನಡುಗುತ್ತದೆ. ಅದೇ ಬ್ಯೂರೋದ ಪ್ರಕಾರ 2013ರಲ್ಲಿ ಕರ್ನಾಟಕದಲ್ಲಿ ಆತ್ಮಹತ್ಯೆ ಮಾಡಿಕೊಂಡ ರೈತರು 1,403. 2014ರಲ್ಲಿ 321! ಒಂದೇ ವರ್ಷದಲ್ಲಿ ಸಾವು ನಾಲ್ಕನೇ ಒಂದು ಭಾಗಕ್ಕೂ ಕೆಳಗೆ ಇಳಿಯಲು ರಾಜ್ಯದಲ್ಲಿ ಯಾವ ಪವಾಡ ನಡೆಯಿತು? ಪವಾಡ ನಡೆದದ್ದು ಕಾಗದದ ಮೇಲೆ. ಆ ವರ್ಷ ಬ್ಯೂರೋ ಎಣಿಸುವ ಕಾಲಂಗಳನ್ನು ಬದಲಿಸಿತು. ಬೇಸಾಯಗಾರ ಬೇರೆ, ಕೃಷಿ ಕೂಲಿ ಬೇರೆ ಎಂದು ಒಡೆಯಿತು. ಕೂಲಿಗಳ 447 ಸಾವು ಸೇರಿಸಿದರೆ 768 ಆಗುತ್ತದೆ. ಅದೇ ವರ್ಷ ‘ಇತರೆ’ ಎಂಬ ಕಾಲಂ ಉಬ್ಬಿಕೊಂಡಿತು. ಮರುವರ್ಷ, 2015ರಲ್ಲಿ, ಎರಡೂ ಸೇರಿ 1,569. ಗೇಣಿಗೆ ಮಾಡುವವನ ಹೆಸರು ಪಹಣಿಯಲ್ಲಿಲ್ಲ, ಗಂಡನ ಜೊತೆ ದುಡಿಯುವ ಹೆಣ್ಣಿನ ಹೆಸರೂ ಇಲ್ಲ. ಅವರು ಸತ್ತರೆ ಯಾವ ಕಾಲಂನಲ್ಲಿ ಬರೆಯುತ್ತಾರೆ? ಹೆಣ ಒಂದೇ. ಅದನ್ನು ಯಾವ ಪುಟಕ್ಕೆ ಹಾಕಬೇಕೆಂದು ನಿರ್ಧರಿಸುವವನು ಬೇರೆ ಯಾರೋ.

ಹಾಗಾದರೆ ಅಂಕಿಗಳೆಲ್ಲ ಸುಳ್ಳು, ಬಿಟ್ಟುಬಿಡೋಣವೇ? ಖಂಡಿತ ಬೇಡ. ಅಂಕಿಗಳನ್ನು ಬಿಟ್ಟುಕೊಟ್ಟರೆ ಬಡವನ ಕೈಯಲ್ಲಿ ಉಳಿಯುವುದು ಅಳು ಮಾತ್ರ. ಚಿಕ್ಕನಾಯಕನಹಳ್ಳಿ ತೆಂಗಿನ ನಾಡು ಮಾತ್ರವಲ್ಲ, ಅದಿರಿನ ನಾಡೂ ಹೌದು. ಅದಿರು ಲೂಟಿಯ ಕಥೆ ನೆನಪಿಸಿಕೊಳ್ಳಿ. ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಲೋಕಾಯುಕ್ತ ತಂಡ ಬಳಸಿದ ದೊಡ್ಡ ಆಯುಧ ಸರಳವಾದದ್ದು: ಎರಡು ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟರು. ಸಾಗಿಸಲು ಕೊಟ್ಟ ಪರವಾನಗಿ ಎಷ್ಟು ಟನ್ನಿಗೆ? ಹಡಗು ಹತ್ತಿದ್ದು ಎಷ್ಟು ಟನ್ನು? 2006ರಿಂದ 2010ರ ನಡುವೆ ಪರವಾನಗಿ ಇಲ್ಲದೆ ರಫ್ತಾದ ಅದಿರು 2.98 ಕೋಟಿ ಟನ್ ಎಂದು ವರದಿ ಹೇಳಿತು. 2011ರ ಜುಲೈನಲ್ಲಿ ವರದಿ ಬಂತು, ಕೆಲವೇ ದಿನಗಳಲ್ಲಿ ಮುಖ್ಯಮಂತ್ರಿ ಕುರ್ಚಿ ಬಿಟ್ಟರು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಗಣಿಗಾರಿಕೆಯನ್ನೂ ನಿಲ್ಲಿಸಿತು. ಘೋಷಣೆಗಳಿಂದ ಅಲುಗಾಡದ ಕುರ್ಚಿ ಒಂದು ಕಳೆಯುವ ಲೆಕ್ಕದಿಂದ ಅಲುಗಾಡಿತು.

ಅದೇ ಲೆಕ್ಕವನ್ನು ಕೊಬ್ಬರಿಗೂ ಹಾಕಬಹುದು. 2024ರ ಆರಂಭದಲ್ಲಿ ನಾಫೆಡ್ ಮೂಲಕ 62,500 ಟನ್ ಕೊಬ್ಬರಿ ಕೊಳ್ಳಲು ಅನುಮತಿ ಸಿಕ್ಕಿತು. ಬೆಂಬಲ ಬೆಲೆ 12,000, ರಾಜ್ಯ ಸೇರಿಸಿದ್ದು 1,500. ನೋಂದಣಿಗೆ ರೈತರು ಸಾಲುಗಟ್ಟಿದರು. ಅಕ್ರಮದ ದೂರುಗಳು ಬಂದು ಮೊದಲ ನೋಂದಣಿ ರದ್ದಾಗಿ ಮತ್ತೆ ಮೊದಲಿನಿಂದ ಮಾಡಬೇಕಾಯಿತು. 62,500 ಟನ್ ಎಂದರೆ 6.25 ಲಕ್ಷ ಕ್ವಿಂಟಾಲ್. ಒಬ್ಬೊಬ್ಬರು ಹತ್ತು ಕ್ವಿಂಟಾಲ್ ತಂದರೆ 62,500 ಜನಕ್ಕೆ ಮುಗಿಯಿತು. ಉಳಿದವರು? ಊರಿನ ಪಹಣಿಯಲ್ಲಿ ಇರುವ ತೆಂಗು ಎಷ್ಟು ಎಕರೆ, ಆ ಊರಿನ ಹೆಸರಿನಲ್ಲಿ ಮಾರಾಟವಾದ ಕೊಬ್ಬರಿ ಎಷ್ಟು ಕ್ವಿಂಟಾಲ್ ಎಂದು ಪಕ್ಕಪಕ್ಕ ಇಟ್ಟು ನೋಡಿ. ಮರ ಕೊಡಲಾಗದಷ್ಟು ಕೊಬ್ಬರಿ ಲೆಕ್ಕದಲ್ಲಿ ಕಂಡರೆ, ಅದನ್ನು ಮಾರಿದವನು ರೈತನಲ್ಲ ಎಂದು ತಿಳಿಯಲು ದೊಡ್ಡ ವಿದ್ಯೆ ಬೇಕಿಲ್ಲ.

ಇಲ್ಲಿಗೇ ಬರುತ್ತದೆ ಕನ್ನಡದ ಪ್ರಶ್ನೆ. ನಿಮ್ಮ ಅಪ್ಪ ಠಾಣೆಯಲ್ಲಿ ಕೊಟ್ಟ ದೂರು ಕನ್ನಡದಲ್ಲಿದೆ, ಪಹಣಿ ಕನ್ನಡದಲ್ಲಿದೆ. ಅವೆಲ್ಲ ಒಟ್ಟಾಗಿ ದೆಹಲಿಯಲ್ಲಿ ಪುಸ್ತಕವಾಗಿ ಹೊರಬರುವಾಗ ಇಂಗ್ಲಿಷ್ ಆಗಿರುತ್ತದೆ. ನಮ್ಮ ನೋವನ್ನು ಕೂಡಿಸಿದ ಮೊತ್ತ ನಮಗೇ ಓದಲು ಬರದ ಭಾಷೆಯಲ್ಲಿದೆ! ಅದೂ ತಡವಾಗಿ. 2023ರ ಅಪರಾಧ ವರದಿ ಹೊರಬಿದ್ದದ್ದು 2025ರ ಸೆಪ್ಟೆಂಬರ್ ಕೊನೆಯಲ್ಲಿ. ಅದರಲ್ಲಿ ಸಿಗುವುದು ಜಿಲ್ಲೆಯ ಅಂಕಿ, ತಾಲ್ಲೂಕಿನದಲ್ಲ. ತುಮಕೂರು ಜಿಲ್ಲೆಯ ಹತ್ತು ತಾಲ್ಲೂಕುಗಳಲ್ಲಿ ಕಡಲೆಕಾಯಿಯ ಪಾವಗಡವೂ ಇದೆ, ಕೊಬ್ಬರಿಯ ತಿಪಟೂರೂ ಇದೆ. ಎರಡನ್ನೂ ಒಂದೇ ಪಾತ್ರೆಯಲ್ಲಿ ಕಲಸಿದ ಮೇಲೆ ಯಾರ ರುಚಿಯೂ ತಿಳಿಯುವುದಿಲ್ಲ.

ನಮ್ಮ ಬೇಡಿಕೆ ಸ್ಪಷ್ಟ. ಪ್ರತಿ ಠಾಣೆಯ ಎಫ್‌ಐಆರ್ ಮತ್ತು ಎನ್‌ಸಿಆರ್ ಎರಡರ ಅಂಕಿಯೂ ತಿಂಗಳಿಗೊಮ್ಮೆ ಕನ್ನಡದಲ್ಲಿ ಪ್ರಕಟವಾಗಲಿ. ಬೆಂಬಲ ಬೆಲೆಯ ಖರೀದಿ ಹಳ್ಳಿವಾರು ಪ್ರಕಟವಾಗಲಿ. ಅಪರಾಧ ಮತ್ತು ಆತ್ಮಹತ್ಯೆಯ ರಾಷ್ಟ್ರೀಯ ವರದಿಗಳಲ್ಲಿ ಕರ್ನಾಟಕದ ಭಾಗವನ್ನು ಸರ್ಕಾರ ಕನ್ನಡಕ್ಕೆ ತರಲಿ.

ಅಲ್ಲಿಯವರೆಗೆ ಸುಮ್ಮನೆ ಕೂರಬೇಡಿ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಆಯಾ ಪ್ರದೇಶದ ಆಡಳಿತ ಭಾಷೆಯಲ್ಲಿ ಅರ್ಜಿ ಹಾಕಬಹುದು. ನಮಗೆ ಅದು ಕನ್ನಡ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು. ನೀವು ಕಂಪ್ಯೂಟರ್ ಬಲ್ಲವರು, ಕೂಡುವ ಕಳೆಯುವ ಲೆಕ್ಕ ಬಲ್ಲವರು. ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ನಾಲ್ಕು ಕಾಯಿಯ ಜೊತೆ ನಾಲ್ಕು ಪ್ರಶ್ನೆಯನ್ನೂ ಚೀಲಕ್ಕೆ ಹಾಕಿಕೊಂಡು ಬನ್ನಿ. ಎಣಿಸಿದವರು ಯಾರು? ಬಿಟ್ಟದ್ದು ಏನು? ಯಾವ ವರ್ಷದಿಂದ ಎಣಿಸಿದರು? ಎಷ್ಟು ಜನಕ್ಕೆ ಭಾಗಿಸಿದರು? 2011ರ ನಂತರ 2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲೇ ಇಲ್ಲವಾದ್ದರಿಂದ, ಕೊನೆಯ ಪ್ರಶ್ನೆಗೆ ಬರುವ ಉತ್ತರ ಅಂದಾಜು ಎಂಬುದೂ ನೆನಪಿರಲಿ.

ನಮ್ಮ ತೋಟದ ಕಾಯಿಯನ್ನು ನಾವೇ ಎಣಿಸೋಣ, ಕನ್ನಡದಲ್ಲೇ ಎಣಿಸೋಣ.